ಬೆಳ್ಳಿ ಬಣ್ಣ ಬಳಿದ ಇಂಜಿನ್

ಆ ವರ್ಷದ ಆಯುಧ ಪೂಜೆಗೆ ನಮ್ಮ ಲಾರಿಯ ಇಂಜಿನ್ನಿಗೆ ನಾನೇ ಕೈಯಾರೆ ಬೆಳ್ಳಿ ಬಣ್ಣ ಬಳಿದೆ. ಪೇಟೆಯಿಂದ ಪೇಂಟಿನ ಡಬ್ಬಿ ತರಿಸಿ, ಬಾನೆಟ್ ಎತ್ತಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಬ್ರಷ್ ಹೋದಲ್ಲೆಲ್ಲ ಬಳಿದೆ. ಹಿಂದಿನ ವರ್ಷ ಪಕ್ಕದ ಎಸ್ಟೇಟಿನವರ ಜೀಪು ಪೂಜೆಯ ದಿನ ಫಳಫಳ ಹೊಳೆದಿತ್ತು. ಅದು ನನ್ನ ಕಣ್ಣು ಚುಚ್ಚಿತ್ತು, ಸುಳ್ಳೇಕೆ ಹೇಳಲಿ.

ನಮ್ಮ ಡ್ರೈವರ್ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು.

“ಅಮ್ಮ, ಮೇಲಿಂದ ಕಾಣೋವಷ್ಟು ಸಾಕಿತ್ತು. ಒಳಗಡೆ ಎಲ್ಲ ಬೇಡ ಏನೋ” ಎಂದರು.

“ಪೂಜೆ ಅಂದ್ಮೇಲೆ ಅರ್ಧಂಬರ್ಧ ಎಂತಕ್ಕೆ? ಸುಮ್ನಿರಿ ನೀವು.”

ಅವರು ಹಿಂದೆ ಸರಿದು ನಿಂತರು. ನನ್ನ ಮೂಗಿನ ತುದಿಯಲ್ಲೇ ಕೋಪ ಇರುತ್ತದೆ ಎಂಬುದು ತೋಟದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರಿಗಂತೂ ಹದಿನೆಂಟು ವರ್ಷದಿಂದ ಗೊತ್ತಿತ್ತು.

ಬಾಳೂರಿನ ಕಡೆ ನಮ್ಮದೊಂದು ಸಾಧಾರಣ ಕಾಫಿ ತೋಟ. ಯಜಮಾನರು ತೀರಿಕೊಂಡ ಮೇಲೆ ಅದನ್ನು ನೋಡಿಕೊಂಡವಳು ನಾನು. ಕುದುರೆಮುಖದ ಗಣಿ ಮುಚ್ಚಿದ ಮರುವರ್ಷವೋ ಅದರ ಆಚೆಯ ವರ್ಷವೋ ನಡೆದ ಮಾತಿದು. ಡ್ರೈವರ್ ಯಜಮಾನರ ಕಾಲದಲ್ಲಿ ಜೀಪು ಓಡಿಸುತ್ತಿದ್ದವರು. ಆಮೇಲೆ ಈ ಸಣ್ಣ ಲಾರಿ ಕೊಂಡಾಗ ಅದೂ ಅವರ ಕೈಗೇ ಬಂತು. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅವರನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದೆ. ಲಾರಿಯ ಕೀ ಸದಾ ಅವರ ಅಂಗಿಯ ಎದೆಜೇಬಿನಲ್ಲಿ. ಎಷ್ಟೇ ಸುಸ್ತಾಗಿರಲಿ, ಸಂಜೆ ಹಳ್ಳದ ಹತ್ತಿರ ನಿಲ್ಲಿಸಿ ಮೇಲೆ ಕೆಳಗೆ ತೊಳೆದ ಮೇಲೇ ಲಾರಿ ಶೆಡ್ಡಿಗೆ ಬರುತ್ತಿತ್ತು. “ನಿಮ್ಮ ಲಾರಿಗೆ ದಿನಾ ಎಣ್ಣೆ ಸ್ನಾನವಾ?” ಎಂದು ಕೆಲಸದ ಹೆಂಗಸರು ಅವರನ್ನು ರೇಗಿಸುತ್ತಿದ್ದರು.

ಕಾಫಿ ಕುಯ್ಲು ಶುರುವಾದ ಮೇಲೆ ಆ ಲಾರಿಯ ಇಂಜಿನ್ ಆಯಿಲ್ ಇಳಿಯತೊಡಗಿತು. ವಾರಕ್ಕೆ ಒಂದು ಲೀಟರ್ ಹಾಕಿದರೂ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ಕಿನಲ್ಲಿ ಕೆಳಗಿನ ಗೆರೆಯೇ. ಡ್ರೈವರ್ ಬಂದು ಹೇಳುತ್ತಿದ್ದರು, ನಾನು ಸ್ಟೋರಿನ ಬಾಗಿಲು ತೆಗೆದು ಕೊಡುತ್ತಿದ್ದೆ. ಒಂದು ತಿಂಗಳು ಕಳೆಯಿತು. ಪೇಟೆಯ ಗ್ಯಾರೇಜಿಗೆ ತೋರಿಸಲು ಹೇಳಿ ನಾನೂ ಜೊತೆಗೆ ಹೋದೆ. ಅಲ್ಲಿನವನು ಲಾರಿಯ ಕೆಳಗೆ ಬಗ್ಗಿ ನೋಡಿದ, ನಿಲ್ಲಿಸಿದಲ್ಲೇ ಇಂಜಿನ್ ಓಡಿಸಿ ಹೊಗೆ ನೋಡಿದ. ಡ್ರೈವರ್ ಆಚೆ ಹೋದಾಗ ನನ್ನ ಹತ್ತಿರ ಬಂದು ನಕ್ಕ.

“ಹೊಗೆ ನೀಲಿ ಇಲ್ಲ, ಅಂದ್ರೆ ಆಯಿಲ್ ಸುಡ್ತಿಲ್ಲ. ಕೆಳಗೆ ಒಂದು ತೊಟ್ಟು ಸೋರಿಲ್ಲ. ಮತ್ತೆ ಆಯಿಲ್ ಏನು ರೆಕ್ಕೆ ಬಂದು ಹಾರಿ ಹೋಗ್ತದಾ ಅಮ್ಮ? ನಿಮ್ಮ ಡ್ರೈವರನ್ನೇ ಕೇಳಿ.”

ಆ ನಗು ನನ್ನ ತಲೆಯಲ್ಲಿ ಹುಳದ ಹಾಗೆ ಸೇರಿಕೊಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗಾಯಿತು ನನಗೆ. ಡ್ರೈವರ್ ಚಿಕ್ಕಮಗಳೂರಿನ ದಾರಿಯ ಆಲ್ದೂರಿನಲ್ಲಿ ಅರ್ಧ ಗಂಟೆ ತಡ ಮಾಡಿದರೆ ಯಾರ ಜೊತೆ ವ್ಯವಹಾರವೋ ಎನ್ನಿಸಿತು. ದಿನಾ ಹಳ್ಳದ ಹತ್ತಿರ ನಿಲ್ಲಿಸುವುದು ತೊಳೆಯಲಿಕ್ಕೋ ಬೇರೆ ಯಾವುದಕ್ಕೋ ಎನ್ನಿಸಿತು. ಹದಿನೆಂಟು ವರ್ಷದಲ್ಲಿ ಒಂದು ಹಿಡಿ ಕಾಫಿಬೀಜ ಮನೆಗೆ ಒಯ್ಯದ ಮನುಷ್ಯ. ಅದೊಂದೂ ನೆನಪಾಗಲಿಲ್ಲ.

ಒಂದು ಬೆಳಿಗ್ಗೆ ಸಿಪ್ಪೆ ಸುಲಿಸಲು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗಬೇಕಾದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳನ್ನು ಲಾರಿಗೆ ಹೇರಿ ಮುಗಿದಿತ್ತು. ಡ್ರೈವರ್ ಕಣಕ್ಕೆ ಬಂದು, “ಅಮ್ಮ, ಆಯಿಲ್ ಮತ್ತೆ ಕಮ್ಮಿ ಇದೆ” ಎಂದರು. ಹದಿನೈದಿಪ್ಪತ್ತು ಹೆಂಗಸರು ಕಣದಲ್ಲಿ ಒಣಹಾಕಿದ ಕಾಫಿ ಕೈಯಾಡಿಸುತ್ತಿದ್ದರು. ಅವರೆಲ್ಲರ ಎದುರಿಗೆ ನಾನು ಸಿಡಿದೆ.

“ಎಲ್ಲಿಗೆ ಹೋಗ್ತಿದೆ ಆಯಿಲ್? ಯಾರ ಗಾಡಿಗೆ ಹೊಯ್ತಿದ್ದೀಯ ನೀನು?”

ಕೈಯಾಡಿಸುವ ಸದ್ದು ನಿಂತಿತು. ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಎದೆಜೇಬಿನಿಂದ ಕೀ ತೆಗೆದು ಕಣದ ಕಟ್ಟೆಯ ಮೇಲೆ ಇಟ್ಟರು. ಮೆಲ್ಲಗೆ ಹೇಳಿದರು.

“ನಾನು ಕದ್ದಿಲ್ಲ ಅಂದ್ರೆ ನೀವು ನಂಬೋದಿಲ್ಲ ಅಮ್ಮ. ಕಳಸದ ದಾರೀಲಿ ಒಬ್ರು ಮೆಕ್ಯಾನಿಕ್ ಇದ್ದಾರೆ, ಗಣೀಲಿ ಡಂಪರ್ ರಿಪೇರಿ ಮಾಡ್ತಿದ್ದವ್ರು. ನನಗೆ ಗುರುತಿಲ್ಲ, ಹೆಸ್ರು ಕೇಳಿದೀನಿ ಅಷ್ಟೆ. ಅವ್ರಿಗೆ ತೋರಿಸಿ. ನಾನು ಕಳ್ಳನೋ ಅಲ್ವೋ ಅಂತ ಇಂಜಿನ್ನೇ ಹೇಳ್ಲಿ. ಕಳ್ಳ ಅಂತಾದ್ರೆ ನಾಳೆಯಿಂದ ಈ ಗೇಟಿನ ಒಳಗೆ ಕಾಲಿಡಲ್ಲ.”

“ಆಗ್ಲಿ, ನಾನೂ ಬರ್ತೀನಿ” ಎಂದು ಕೀ ಎತ್ತಿ ಅವರ ಕೈಗೆ ಕೊಟ್ಟೆ. ಅಲ್ಲಿ ಇಬ್ಬರೂ ಸೇರಿ ನನ್ನ ಕಿವಿಗೆ ಹೂವಿಡಬಾರದಲ್ಲ!

ಚಿಕ್ಕಮಗಳೂರಿನ ಕಡೆ ಹೋಗಬೇಕಿದ್ದ ಲಾರಿ ಲೋಡಿನ ಸಮೇತ ಕಳಸದ ಕಡೆ ಹೊರಟಿತು. ಡ್ರೈವರ್ ಮೆಕ್ಯಾನಿಕ್ಕಿನ ಶೆಡ್ಡಿನ ಎದುರು ನಿಲ್ಲಿಸಿ ಇಳಿದವರೇ ಬಳಸಿಕೊಂಡು ನನ್ನ ಬಾಗಿಲಿಗೆ ಬಂದು ಕೀಯನ್ನು ನನ್ನ ಕೈಗೆ ಕೊಟ್ಟರು. “ನನ್ ಹತ್ರ ಎಂತಕ್ಕೆ?” ಎಂದೆ. “ನಿಮ್ ಹತ್ರನೇ ಇರ್ಲಿ” ಎಂದರು. ಆಮೇಲೆ ಲಾರಿ ನಿಂತಾಗಲೆಲ್ಲ ಹೀಗೇ.

ಮೆಕ್ಯಾನಿಕ್ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಗ್ರೀಸ್ ಮೆತ್ತಿದ ಬಟ್ಟೆ, ಬಾಯಲ್ಲಿ ಬೀಡಿ. ಈ ಮನುಷ್ಯ ಕೊಡದ ನೀರಿನಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡು ಲಾರಿಯ ಹತ್ತಿರ ಬಂದರು. ಐವತ್ತರ ಆಸುಪಾಸು, ಸಣಕಲು ಆಳು. ಗಣಿಯಲ್ಲಿ ಅವರು ನೋಡಿಕೊಳ್ಳುತ್ತಿದ್ದ ಡಂಪರುಗಳ ಚಕ್ರವೇ ಆಳೆತ್ತರವಂತೆ. ಈಗ ಶೆಡ್ಡಿನಲ್ಲಿ ಎರಡು ಜೀಪು, ಒಂದು ಪಂಪ್‌ಸೆಟ್ಟು ಇದ್ದವು. ಆ ಪಂಪ್‌ಸೆಟ್ಟಿನ ಬಿಚ್ಚಿದ ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದರು. ಅದನ್ನು ಕಂಡು, ಪರವಾಗಿಲ್ಲ ಎನ್ನಿಸಿತು.

ಅರ್ಧ ಗಂಟೆ ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಬರೀ ಕೇಳಿದರು. ಆಯಿಲ್ ಯಾವಾಗಿನಿಂದ ಇಳಿಯುತ್ತಿದೆ? ತೋಟದೊಳಗೆ ಓಡಿದ ದಿನ ಹೆಚ್ಚೋ, ಚಿಕ್ಕಮಗಳೂರಿಗೆ ಹೋಗಿ ಬಂದ ದಿನ ಹೆಚ್ಚೋ? ಡ್ರೈವರ್ ಒಂದೊಂದಕ್ಕೂ ಉತ್ತರ ಹೇಳಿದರು. ಲೋಡ್ ಹಾಕಿ ಘಾಟಿ ಹತ್ತಿದ ದಿನವೇ ಹೆಚ್ಚು ಎಂದರು. ಸಂಜೆ ತೊಳೆಯುವ ವಿಷಯ ಬಂದಾಗ ಮೆಕ್ಯಾನಿಕ್ ಕೈ ಎತ್ತಿ ತಡೆದರು.

“ದಿನಾ ತೊಳೀತೀರಾ? ಕೆಳಗಡೆನೂ?”

“ಹೌದು ಮಾರಾಯ್ರೆ, ಒಂದು ದಿನ ಬಿಟ್ಟಿಲ್ಲ.”

“ಎಂಥ ಕೆಲಸ ಮಾಡಿದ್ರಿ! ಸೋರಿದ ಗುರುತನ್ನೆಲ್ಲ ನೀವೇ ತೊಳೆದು ಹಾಕಿದೀರಲ್ಲ!”

ನಾನು ಆದರೂ ಬಿಡಲಿಲ್ಲ. “ಪೇಟೆ ಗ್ಯಾರೇಜಿನವನು ಒಂದು ತೊಟ್ಟೂ ಸೋರಿಲ್ಲ ಅಂದ” ಎಂದೆ.

“ನಿಂತ ಗಾಡಿ ಸುಳ್ಳು ಹೇಳ್ತದೆ ಅಮ್ಮ. ಏರು ಹತ್ತಿಸಿ ಕೇಳ್ಬೇಕು.”

ಕೇಳಿದ ರೀತಿಯನ್ನು ಈಗ ನೆನೆದರೂ ನನಗೆ ಬೆರಗು. ಇಂಜಿನ್ನಿನ ಅಡಿಭಾಗವನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿದರು. ಶೆಡ್ಡಿನ ಮೂಲೆಯಲ್ಲಿ ಕಾಫಿ ಗಿಡಕ್ಕೆ ಹಾಕುವ ಸುಣ್ಣದ ಪುಡಿಯ ಚೀಲವಿತ್ತು. ಆ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಮಗುವಿಗೆ ಪೌಡರ್ ಹಾಕುವ ಹಾಗೆ ಇಂಜಿನ್ನಿಗೆ ತಟ್ಟಿದರು. ಡ್ರೈವರ್ ಲೋಡ್ ಗಾಡಿಯನ್ನು ಮೂರು ಮೈಲಿ ಏರು ಹತ್ತಿಸಿ ಇಳಿಸಿಕೊಂಡು ಬಂದರು. ಮೆಕ್ಯಾನಿಕ್ ನನ್ನನ್ನೇ ಕರೆದು, ಬಗ್ಗಿ ನೋಡಲು ಹೇಳಿದರು. ಬಿಳಿ ಸುಣ್ಣದ ಮೇಲೆ ಎರಡು ಕಪ್ಪು ಒದ್ದೆ ಗೆರೆಗಳು. ಒಂದು ಡಿಪ್‌ಸ್ಟಿಕ್ಕಿನ ಬಾಯಿಂದ, ಇನ್ನೊಂದು ಇಂಜಿನ್ನಿನ ಹಿಂಭಾಗದ ಸೀಲಿನಿಂದ.

“ನೋಡಿದ್ರಾ? ನಿಮ್ಮ ಆಯಿಲ್ ಘಾಟಿ ರಸ್ತೆಗೆ ಹೋಗ್ತಿದೆ” ಎಂದರು.

ಡ್ರೈವರ್ ಮುಖ ಆಚೆ ತಿರುಗಿಸಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಆ ಕ್ಷಣದಲ್ಲೇ ನಾನು ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ. ನಾಲಿಗೆ ಬೈಯಲು ಏಳುವಷ್ಟು ಸುಲಭವಾಗಿ ಇದಕ್ಕೆ ಏಳಲಿಲ್ಲ. ಬದಲಿಗೆ, “ಹಾಗಾದ್ರೆ ಇಂಜಿನ್ ಬಿಚ್ಬೇಕಾ? ಸಿಲಿಂಡರ್ ಬೋರ್ ಮಾಡಿಸ್ಬೇಕಾ?” ಎಂದು ಕೇಳಿದೆ.

ಮೆಕ್ಯಾನಿಕ್ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಬಾಯಿಯ ಮೇಲೆ ಬರಿದೇ ಇಟ್ಟರು. ಮುಚ್ಚಳ ಕುಣಿಕುಣಿದು ಹಾರಿ ಬಿತ್ತು. ಜೀಪಿನ ಹತ್ತಿರ ನಿಂತಿದ್ದ ಇಬ್ಬರು, “ಅಯ್ಯೋ, ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಕಥೆ ಮುಗೀತು” ಎಂದರು.

“ಸ್ವಲ್ಪ ತಡೀರಿ ಮಾರಾಯ್ರೆ. ಇಲಿ ಹಿಡಿಯೋಕೆ ಗುಡ್ಡ ಅಗೀತಾರಾ?” ಎಂದ ಮೆಕ್ಯಾನಿಕ್, ಇಂಜಿನ್ನಿನ ತಲೆಯಿಂದ ಹಿಂದಕ್ಕೆ ಹೋಗುವ ಒಂದು ದಪ್ಪ ರಬ್ಬರ್ ಪೈಪನ್ನು ಕಳಚಿದರು. ಅದರ ಬಾಯಿಂದ ಬುಸ್ಸೆಂದು ಗಾಳಿ ಬಂತು. ಮುಚ್ಚಳವನ್ನು ಮತ್ತೆ ಬರಿದೇ ಇಟ್ಟರು. ಈ ಸಲ ಅದು ಅಲುಗದೆ ಕುಳಿತಿತು.

ಎಷ್ಟೇ ಒಳ್ಳೆಯ ಇಂಜಿನ್ ಆಗಲಿ, ಒಳಗೆ ಸುಟ್ಟ ಗಾಳಿ ಒಂದಿಷ್ಟು ರಿಂಗಿನ ಸಂದಿಯಿಂದ ಕೆಳಗಿನ ಆಯಿಲ್ ಕೋಣೆಗೆ ಇಳಿಯುತ್ತದಂತೆ. ಅದು ಹೊರಗೆ ಹೋಗಲು ಒಂದು ದಾರಿ, ಆ ದಾರಿಯಲ್ಲೊಂದು ವಾಲ್ವು. ಮೆಕ್ಯಾನಿಕ್ಕುಗಳು ಅದನ್ನು ಬ್ರೀದರ್ ಎನ್ನುತ್ತಾರೆ. ಆ ದಾರಿ ಕಟ್ಟಿದರೆ ಒಳಗಿನ ಒತ್ತಡ ಸಿಕ್ಕಿದ ಸಂದಿಯಿಂದೆಲ್ಲ ಆಯಿಲನ್ನು ಆಚೆ ನೂಕುತ್ತದೆ. ವಿಶಲ್ಲಿನ ತೂತಿಗೆ ಬೇಳೆ ಸಿಕ್ಕಿದರೆ ಕುಕ್ಕರಿನ ಅಂಚಿನಿಂದ ಸಾರು ಉಕ್ಕುವುದನ್ನು ನೋಡಿದವಳು ನಾನು. ಥಟ್ಟನೆ ಅರ್ಥವಾಯಿತು.

“ಆ ವಾಲ್ವ್ ಎಲ್ಲಿದೆ?” ಎಂದೆ.

“ಅದನ್ನೇ ಹುಡುಕ್ತಿದೀನಿ. ಎಲ್ಲಾ ಒಂದೇ ಬಣ್ಣ, ಯಾವುದು ಎಂತದು ಅಂತ ಗೊತ್ತಾಗ್ಬೇಕಲ್ಲ.”

ಕಾಫಿ ಗಿಡದ ಕೋಲಿಗೆ ಒಡೆದ ಕನ್ನಡಿಯ ತುಂಡು ಕಟ್ಟಿ ಇಟ್ಟುಕೊಂಡಿದ್ದರು. ಅದನ್ನು ಇಂಜಿನ್ನಿನ ಹಿಂದಕ್ಕೆ ತೂರಿಸಿ, ಇನ್ನೊಂದು ಕೈಯಿಂದ ರಬ್ಬರ್ ಪೈಪಿನ ಗುಂಟ ತಡಕುತ್ತಾ ಹೋದರು. ಕೊನೆಗೆ ಏರ್ ಪೈಪಿನ ಕೆಳಗೆ ಅಡಗಿದ್ದ ಅಂಗೈ ಅಗಲದ ಒಂದು ದುಂಡು ಬಿಲ್ಲೆ ಸಿಕ್ಕಿತು. ನಾಲ್ಕು ಬೋಲ್ಟು ತೆಗೆದು ಹೊರಗೆ ತಂದು ಬಿಸಿಲಿಗೆ ಹಿಡಿದರು. ಒಳಗಡೆ ಬೆಣ್ಣೆಯಂಥ ಬಿಳಿ ಜಿಗುಟು ತುಂಬಿತ್ತು. ಮೇಲಿನ ಮುಚ್ಚಳದ ಮೇಲೆ ಪಿನ್ನಿನ ತುದಿಯಷ್ಟು ಒಂದು ಗುಳಿ. ಉಗುರಿನಿಂದ ಕೆರೆದರು. ಬೆಳ್ಳಿ ಬಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು.

“ಈ ತೂತಿಗೆ ಹೊರಗಿನ ಗಾಳಿ ತಾಗ್ಬೇಕು. ಆಗ್ಲೇ ಒಳಗಿನ ರಬ್ಬರ್ ಏಳೋದು, ಕೂರೋದು. ಇದು ಮುಚ್ಚಿ ರಬ್ಬರ್ ಅಲ್ಲೇ ಕಚ್ಚಿಕೊಂಡಿದೆ, ನಮ್ಮ ಈ ಥಂಡಿಗೆ ಜಿಗುಟೂ ಸೇರಿದೆ. ಯಾವ ಪುಣ್ಯಾತ್ಮ ಇಲ್ಲಿಗೆಲ್ಲ ಬಣ್ಣ ಬಳಿದಿದ್ದು?”

ಸ್ಟೂಲಿನ ಮೇಲೆ ನಿಂತು, ಬ್ರಷ್ಷನ್ನು ಅದ್ದಿ ಅದ್ದಿ ಸಂದಿಗೆ ತೂರಿಸಿದ ನನ್ನ ಕೈ ನನಗೆ ಕಂಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ದನಿ ಬಂತು.

“ನಾನೇ ಮಾರಾಯ್ರೆ. ಆಯುಧ ಪೂಜೆಗೆ ಅಂತ.”

ಮೆಕ್ಯಾನಿಕ್ ಅವರನ್ನು ಎಲ್ಲರೆದುರಿಗೆ ಚೆನ್ನಾಗಿ ಝಾಡಿಸಿದರು. “ಇಷ್ಟು ವರ್ಷ ಸ್ಟೇರಿಂಗ್ ಹಿಡಿದೀರಿ, ಬುದ್ಧಿ ಬೇಡ್ವಾ? ಪೂಜೆ ಅಂದ್ರೆ ಇಂಜಿನ್ನಿನ ಮೂಗು ಮುಚ್ಚೋದಾ?” ಜೀಪಿನವರು ನಕ್ಕರು. ನಮ್ಮ ಡ್ರೈವರ್ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಬೆಳಿಗ್ಗೆ ಕಳ್ಳ ಎಂದವಳ ಮರ್ಯಾದೆ ಉಳಿಸಲು ಮಧ್ಯಾಹ್ನ ಪೆದ್ದನಾಗಿ ನಿಂತಿದ್ದರು. ಮತ್ತೆ ನಾನು? ಕಲ್ಲಿನಂತೆ ಸುಮ್ಮನೆ ನಿಂತಿದ್ದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹಳೆಯದನ್ನೇ ತೊಳೆದು ಹಾಕಲು ಆಗುವುದಿಲ್ಲವೇ ಎಂದು ಕೇಳಿದೆ. ಒಳಗಿನ ರಬ್ಬರ್ ಸೀಳಿದೆ, ಹೊಸದೇ ಬೇಕು ಎಂದರು. ಬಿಲ್ಲೆಯ ಹಿಂಬದಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಹೋಗಿ ಬೂತಿನಿಂದ ಚಿಕ್ಕಮಗಳೂರಿನ ಅಂಗಡಿಗೆ ಫೋನ್ ಮಾಡಿದರು. ನಾಳೆ ಕಳಸದ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಬರುತ್ತದೆ ಎಂದಾಯಿತು. ನಾನು ಬಸ್ಸಿಗೆ ಮನೆಗೆ ಹೊರಟೆ. ಡ್ರೈವರ್ ಕೀಯನ್ನು ನನ್ನ ಕೈಗೆ ಕೊಟ್ಟರು.

“ನೀವು ಬರಲ್ವಾ?”

“ಲಾರೀಲಿ ಕಾಫಿ ಇದೆಯಲ್ಲ ಅಮ್ಮ. ಹಾಗೆ ಬಿಟ್ಟು ಬರೋಕಾಗ್ತದಾ? ನಾನು ಚೀಲದ ಮೇಲೇ ಮಲಗ್ತೀನಿ.”

ನಾನು ಕಳ್ಳ ಎಂದ ಮನುಷ್ಯ ನನ್ನ ಕಾಫಿ ಕಾಯಲು ಉಳಿದುಕೊಂಡರು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಸುಮ್ಮನೆ ಮುಂದೆ ಹೋಗಿ, ಆಮೇಲೆ ಬಂದ.

ಮರುದಿನ ಬೆಳಿಗ್ಗೆ ಕಡುಬು, ಚಟ್ನಿ ಕಟ್ಟಿಕೊಂಡು ಹೋದೆ. ಡ್ರೈವರ್ ನಾಲ್ಕು ಕಡುಬು ತಿಂದು, “ಚೆನ್ನಾಗಿದೆ ಅಮ್ಮ” ಎಂದರು, ಅಷ್ಟೇ. ಹನ್ನೊಂದರ ಬಸ್ಸಿಗೆ ವಾಲ್ವು ಬಂತು. ಮೆಕ್ಯಾನಿಕ್ ಮತ್ತೆ ಸೋಪು ಹಾಕಿ ಕೈ ತೊಳೆದುಕೊಂಡರು. ರಬ್ಬರ್ ಪೈಪುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಅವುಗಳಲ್ಲಿ ತಂತಿ ತೂರಿಸಿ, ಈಚೆ ತುದಿಯಿಂದ ಊದಿ ಆಚೆ ತುದಿಗೆ ಕೈ ಹಿಡಿದು ನೋಡಿದರು. ವಾಲ್ವು ಕೂರುವ ಜಾಗವನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿದರು. ಹೊಸ ರಬ್ಬರ್ ಬಳೆಗೆ ಬೆರಳಿನಿಂದ ಆಯಿಲ್ ಸವರಿ, ನಾಲ್ಕು ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಒಂದನ್ನು ಬಿಟ್ಟು ಎದುರಿನದು, ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಒಂದೇ ಒಂದು ಸಲವೂ ಜೋರು ಮಾಡಲಿಲ್ಲ. ಹೂ ಕಟ್ಟುವವರ ಬೆರಳು ಹಾಗೆ ಓಡುವುದನ್ನು ನೋಡಿದ್ದೇನೆ, ಸ್ಪ್ಯಾನರ್ ಹಿಡಿದ ಬೆರಳು ಹಾಗೆ ಓಡುವುದನ್ನು ಮತ್ತೆಲ್ಲೂ ಕಂಡಿಲ್ಲ.

ಇಂಜಿನ್ ಓಡಿಸಿ, ಮುಚ್ಚಳವನ್ನು ಬರಿದೇ ಇಟ್ಟರು. ಕುಳಿತಲ್ಲೇ ಕುಳಿತಿತ್ತು.

“ಹಿಂದಿನ ಸೀಲ್ ಈಗ ಬದಲಿಸೋದು ಬೇಡ. ಒತ್ತಡ ಹೋಯ್ತಲ್ಲ, ಅದೂ ನಿಲ್ತದೆ. ಹದಿನೈದು ದಿನ ಡಿಪ್‌ಸ್ಟಿಕ್ ನೋಡಿ” ಎಂದರು. ಡ್ರೈವರ್ ಹಗ್ಗ ಬಿಗಿಯಲು ಲಾರಿಯ ಹಿಂದಕ್ಕೆ ಹೋದಾಗ, ಹಳೆಯ ವಾಲ್ವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು.

“ಇದು ನಿಮ್ ಹತ್ರ ಇರ್ಲಿ ಅಮ್ಮ. ರಾತ್ರಿ ಯೋಚನೆ ಮಾಡಿದೆ. ಡಿಪ್‌ಸ್ಟಿಕ್ಕಿನ ಹಿಡಿಗೂ ಬೆಳ್ಳಿ ಬಣ್ಣ ಇದೆ. ದಿನಾ ಅದನ್ನ ಎಳೆದು ನೋಡೋ ಡ್ರೈವರ್ ಅದಕ್ಕೆ ಬಣ್ಣ ಬಳಿಯಲ್ಲ. ನಾನು ಸುಮ್ನೆ ಅವ್ರನ್ನ ಬೈದೆ.”

ಅವರು ಒಳಗೆ ಹೋಗಿ ಪಂಪ್‌ಸೆಟ್ಟಿನ ಮುಂದೆ ಕುಳಿತರು.

ತೋಟಕ್ಕೆ ಬಂದಾಗ ಮೂರು ಗಂಟೆಯ ಬಿಸಿಲು. ಕಣದಲ್ಲಿ ಅದೇ ಹೆಂಗಸರು. ಡ್ರೈವರ್ ಹಿಂದಿನ ದಿನದಂತೆಯೇ ಬಳಸಿಕೊಂಡು ಬಂದು ಕೀ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಕಣದ ನಡುವೆ ಹೋಗಿ ನಿಂತೆ.

“ಎಲ್ರೂ ಕೈ ನಿಲ್ಸಿ, ಇಲ್ಲಿ ಕೇಳಿ. ನಿನ್ನೆ ಇವರನ್ನ ನಾನು ಕಳ್ಳ ಅಂದೆ. ಇವರು ಒಂದು ತೊಟ್ಟು ಆಯಿಲ್ ಕದ್ದಿಲ್ಲ. ಇಂಜಿನ್ ಹಾಳು ಮಾಡಿದವಳು ನಾನು. ಬೇಡ ಅಂದ್ರೂ ಕೇಳದೆ ಬಣ್ಣ ಬಳಿದವಳು ನಾನು. ಅದನ್ನೂ ಇವರು ಅಲ್ಲಿ ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ನನ್ನಿಂದ ತಪ್ಪಾಯ್ತು.” ಅವರ ಕಡೆ ತಿರುಗಿ ಕೈ ಮುಗಿದೆ. “ನೀವು ಕ್ಷಮಿಸ್ಬೇಕು.”

“ಅಯ್ಯೋ, ಬಿಡಿ ಅಮ್ಮ” ಎಂದರು. ಆದರೆ ಕೀಯನ್ನು ಜೇಬಿಗೆ ಹಾಕಲಿಲ್ಲ. ಕಟ್ಟೆಯ ಮೇಲೆ, ಹಿಂದಿನ ದಿನ ಇಟ್ಟಲ್ಲೇ ಇಟ್ಟರು. “ಹದಿನೈದು ದಿನ ನೋಡಿ ಅಂದಿದಾರಲ್ಲ. ನೋಡೋಣ.”

“ನಾನೆಂತ ನೋಡೋದು? ನಂಗೆ ನಂಬಿಕೆ ಇದೆ.”

“ನೋಡ್ಬೇಕು ಅಮ್ಮ.”

ಹದಿನೆಂಟು ವರ್ಷದಲ್ಲಿ ಅವರು ನನ್ನ ಮಾತಿಗೆ ಎದುರಾಗಿ ಪಟ್ಟು ಹಿಡಿದದ್ದು ಅದೊಂದೇ ಸಲ. ದಿನಾ ಬೆಳಿಗ್ಗೆ ಹೆಂಗಸರು ಕಣಕ್ಕೆ ಬಂದ ಮೇಲೆ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಬಗ್ಗಿ ಮೇಲಿನ ಗೆರೆ ನೋಡುತ್ತಿದ್ದೆ. ಆಮೇಲೆ ಕಟ್ಟೆಯ ಮೇಲಿನ ಕೀ ಕೊಡುತ್ತಿದ್ದೆ, ಸಂಜೆ ಅದು ಕಟ್ಟೆಗೇ ವಾಪಸು ಬರುತ್ತಿತ್ತು. ನನಗೆ ಅದು ದಿನಾ ಒಂದು ಪೆಟ್ಟು. ತಿಂದೆ. ತಿನ್ನಬೇಕಾದ್ದೇ. ಎರಡು ಸಲ ಚಿಕ್ಕಮಗಳೂರಿಗೆ ಲೋಡ್ ಹೋಗಿ ಬಂತು. ಆಯಿಲ್ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಹದಿನೈದನೆಯ ಬೆಳಿಗ್ಗೆಯೂ ಹಾಗೆಯೇ ಡಿಪ್‌ಸ್ಟಿಕ್ ಹಿಡಿದರು. ನೋಡಿದೆ. “ಸರಿ ಇದೆ” ಎಂದೆ. ಅವರು ಅದನ್ನು ಕಣದ ಹೆಂಗಸರ ಕಡೆಗೂ ಒಮ್ಮೆ ಎತ್ತಿ ತೋರಿಸಿದರು. ಬಟ್ಟೆಯಲ್ಲಿ ಒರೆಸಿ ಒಳಗೆ ತೂರಿಸಿ ಬಾನೆಟ್ ಮುಚ್ಚಿದರು. ನಾನು ಕೊಡುವ ಮೊದಲೇ ಕಟ್ಟೆಯ ಮೇಲಿನ ಕೀಯನ್ನು ತಾವೇ ತೆಗೆದುಕೊಂಡು ಎದೆಜೇಬಿಗೆ ಹಾಕಿಕೊಂಡು, ಜೇಬಿನ ಗುಂಡಿ ಹಾಕಿದರು.